ಮಾರುಕಟ್ಟೆ ಕುಸಿಯುವಾಗ ಡಾಲರ್ ಆಪ್ಷನ್ ತಗೊಂಡು ಹೂಡಿಕೆ ಉಳಿಸಿಕೊಳ್ಳಬಹುದಾ?

ಅಮೆರಿಕದ ಷೇರುಗಳಲ್ಲಿ ನಿಮ್ಮದು ಎಂಟು ಸಾವಿರ ಡಾಲರ್ ಇದೆ. ಪೇಟೆ ಅಲ್ಲಾಡುತ್ತಿದೆ. ಡಾಲರ್ ಪುಟ್, ಅಂದರೆ ಡಾಲರನ್ನು ಮುಂದೆ ಗೊತ್ತು ಮಾಡಿದ ದರಕ್ಕೇ ಮಾರುವ ಹಕ್ಕು, ಕೊಳ್ಳೋಣ ಅಂದರೆ ಅದಕ್ಕೆ ಕೊಡಬೇಕಾದ ಬೆಲೆ, ಪ್ರೀಮಿಯಂ, ಜಾಸ್ತಿ. ಒಂದು ಆಪ್ಷನ್ ಮಾರಿ ಇನ್ನೊಂದು ಕೊಂಡರೆ ಖರ್ಚೇ ಇಲ್ಲ ಅಂತ ಯಾರೋ ಹೇಳಿದ್ದಾರೆ. ಆ "ಖರ್ಚೇ ಇಲ್ಲ" ಓದಿ ಕೈಯಲ್ಲಿದ್ದ ಚಹಾ ಪಕ್ಕಕ್ಕಿಟ್ಟೆ. 2008ರ ಜನವರಿಯಲ್ಲಿ ನನಗೂ ಒಬ್ಬರು ಇದನ್ನೇ ಹೇಳಿದ್ದರು.

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ. ನಾನು ಮತ್ತು ನಮ್ಮ ಕಾಕಾ ಪಾರ್ಟ್‌ನರ್‌ಗಳು. ಪಂಪಿನ ಕಾಸ್ಟಿಂಗ್ ಮಾಡಿ ಅಮೆರಿಕದ ಒಂದು ಕಂಪನಿಗೆ ಕಳಿಸುತ್ತಿದ್ದೆವು. ತಿಂಗಳಿಗೆ ಹೆಚ್ಚುಕಡಿಮೆ 20,000 ಡಾಲರ್ ಬರುತ್ತಿತ್ತು. 2007ರ ಶುರುವಿನಲ್ಲಿ ಡಾಲರಿಗೆ 44 ರೂಪಾಯಿ ಇತ್ತು. ವರ್ಷ ಮುಗಿಯುವಷ್ಟರಲ್ಲಿ 39 ಚಿಲ್ಲರೆ. ಅಷ್ಟೇ ಕಬ್ಬಿಣ ಕರಗಿಸಿ, ಅಷ್ಟೇ ಮಾಲು ಕಳಿಸಿದರೂ ತಿಂಗಳಿಗೆ ಒಂದು ಲಕ್ಷ ಕಡಿಮೆ. ಸುತ್ತಲಿನ ಶೆಡ್ಡುಗಳಲ್ಲೆಲ್ಲ ಒಂದೇ ಮಾತು: 35ಕ್ಕೆ ಇಳಿಯುತ್ತೆ, ನೋಡ್ತಿರಿ.

ಆಗ ಮುಂಬೈಯಿಂದ ಬ್ಯಾಂಕಿನವರೊಬ್ಬರು ಬಂದರು. ಯಾವ ಬ್ಯಾಂಕು ಅಂತ ಬೇಡ. ಮಟ್ಟಸವಾಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನಮ್ಮ ಮೋಲ್ಡಿಂಗ್ ಮರಳಿನ ಧೂಳಿನಲ್ಲೇ ಕೂತು, ಒಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದರು. ಒಂದು ವರ್ಷದ ಕರಾರು. ಡಾಲರ್ 40ಕ್ಕಿಂತ ಕೆಳಗಿದ್ದರೆ ನಾವು ತಿಂಗಳಿಗೆ 20,000 ಡಾಲರನ್ನು 40ಕ್ಕೇ ಮಾರಬಹುದು. 40ರಿಂದ 41.50ರ ನಡುವೆ ಇದ್ದರೆ ಪೇಟೆಯ ದರಕ್ಕೆ ಮಾರಿಕೊಳ್ಳಬಹುದು. 41.50 ದಾಟಿದರೆ ಮಾತ್ರ 40,000 ಡಾಲರ್ ಅವರಿಗೆ 41.50ಕ್ಕೇ ಕೊಡಬೇಕು. ಪ್ರೀಮಿಯಂ ಒಂದು ಪೈಸೆಯೂ ಇಲ್ಲ. "ಜೀರೋ ಕಾಸ್ಟ್ ಸರ್" ಅಂದರು.

ಕಾಕಾ ಏಳನೇ ಇಯತ್ತೆವರೆಗೆ ಓದಿದವರು. ಹಾಳೆ ತಿರುಗಿಸಿ ತಿರುಗಿಸಿ ನೋಡಿ, ಒಂದೇ ಪ್ರಶ್ನೆ ಕೇಳಿದರು. "ಅಲ್ಲೋ, ಇದರಾಗ ಅವ್ರಿಗೇನ ಸಿಗತೈತಿ?"

ನಾನು ಬಿ.ಕಾಂ. ಓದಿದವನು. "ಕಾಕಾ, ಅದು ನಿಮಗ ತಿಳಿಯೂದಿಲ್ರಿ" ಅಂದೆ. ಸಹಿ ಹಾಕಿದೆ.

ನನ್ನ ತಪ್ಪು ಏನು ಅನ್ನೋದನ್ನ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಜಾರಾಗಬೇಡಿ. ರೂಪಾಯಿ ಎತ್ತ ಹೋಗುತ್ತೆ ಅಂತ ಊಹಿಸುವುದರಲ್ಲಿ ಎಡವಿದೆ ಅಂತ ಎಲ್ಲರೂ ತಿಳಿದಿದ್ದಾರೆ. ಅದಲ್ಲ. ಊಹೆ ತಪ್ಪುವುದು ತಪ್ಪೇ ಅಲ್ಲ. ನಾನು ಆಪ್ಷನ್ ಕೊಂಡೆ ಅಂದುಕೊಂಡಿದ್ದೆ, ನಿಜಕ್ಕೂ ಮಾರಿದ್ದೆ.

ನಮ್ಮ ಕಡೆ ಸೈಟಿಗೆ ಸಂಚಕಾರ ಕೊಡುತ್ತಾರಲ್ಲ, ಹಾಗೆ ನೋಡಿ. ಕೊಟ್ಟವನಿಗೆ ಸೈಟು ಬೇಡವಾದರೆ ಸಂಚಕಾರದ ದುಡ್ಡು ಬಿಟ್ಟು ಹೋಗುತ್ತಾನೆ. ಅಷ್ಟಕ್ಕೇ ಅವನ ನಷ್ಟ ಮುಗೀತು. ಸಂಚಕಾರ ತಗೊಂಡವನ ಕಥೆ ಬೇರೆ. ನಾಳೆ ಆ ಸೈಟಿನ ಬೆಲೆ ಮೂರು ಪಟ್ಟು ಆದರೂ ಮಾತಾಡಿದ ಬೆಲೆಗೇ ಬಿಟ್ಟುಕೊಡಬೇಕು. ಆಪ್ಷನ್ ಕೊಳ್ಳುವುದು ಅಂದರೆ ಸಂಚಕಾರ ಕೊಡುವುದು, ಮಾರುವುದು ಅಂದರೆ ತಗೊಳ್ಳುವುದು. ನಾನು 40ರ ಪುಟ್‌ಗೆ ಸಂಚಕಾರ ಕೊಡಬೇಕಿತ್ತು. ಆ ದುಡ್ಡು ಕೈಯಿಂದ ಹೋಗಬಾರದು ಅಂತ 41.50ರ ಕಾಲ್, ಅಂದರೆ ಆ ದರಕ್ಕೆ ನನ್ನಿಂದ ಡಾಲರ್ ಕೊಳ್ಳುವ ಹಕ್ಕು, ಬ್ಯಾಂಕಿಗೆ ಮಾರಿ ಸಂಚಕಾರ ತಗೊಂಡೆ. ಕೊಟ್ಟದ್ದು ತಗೊಂಡದ್ದು ವಜಾ ಆಗಿ ಸೊನ್ನೆ ಬಂತು. ಇದೇ ಅವರ ಜೀರೋ ಕಾಸ್ಟ್. ಒಂದು ಕಾಲ್‌ನಿಂದ ಸಿಗುವ ದುಡ್ಡು ಸಾಲದು ಅಂತ ಎರಡು ಮಾರಿಸಿದ್ದರು. ಅಂದರೆ ಒಂದೇ ಸೈಟು ಇದ್ದವನು ಎರಡು ಸೈಟಿಗೆ ಸಂಚಕಾರ ತಗೊಂಡ ಹಾಗೆ. ಎರಡನೇ ಸೈಟು ಎಲ್ಲಿಂದ ತರೋದು? ಪೇಟೆಯಿಂದ, ಅವತ್ತಿನ ಬೆಲೆಗೆ.

ಮೊದಲ ಮೂರು ತಿಂಗಳು ಏನೂ ಆಗಲಿಲ್ಲ. ಮೇನಲ್ಲಿ ಡಾಲರ್ 42 ದಾಟಿತು. 20,000 ನಮ್ಮದೇ ಇತ್ತು, ಉಳಿದ 20,000 ಪೇಟೆಯಲ್ಲಿ ಕೊಂಡು ಬ್ಯಾಂಕಿಗೆ ಕಡಿಮೆಗೆ ಕೊಟ್ಟೆವು. ಇಪ್ಪತ್ತು ಸಾವಿರ, ಮೂವತ್ತು ಸಾವಿರ ಹೋಯಿತು. ಇಳಿಯುತ್ತೆ ಬಿಡು ಅಂದುಕೊಂಡೆ. ಸೆಪ್ಟೆಂಬರ್ 15ಕ್ಕೆ ಅಮೆರಿಕದ ದೊಡ್ಡ ಬ್ಯಾಂಕು ಲೇಮನ್ ಬ್ರದರ್ಸ್ ಮುಳುಗಿತು. ಉದ್ಯಮಬಾಗದಲ್ಲಿ ಆ ಹೆಸರು ಕೇಳಿದವರೇ ಇರಲಿಲ್ಲ. ವಿದೇಶಿ ಹೂಡಿಕೆದಾರರು ಷೇರು ಮಾರಿ ಡಾಲರ್ ಎತ್ತಿಕೊಂಡು ಹೊರಟರು. ಅಕ್ಟೋಬರ್‌ನಲ್ಲಿ ಡಾಲರ್ 50 ಮುಟ್ಟಿತು.

ಇನ್ನೊಂದು ಪೆಟ್ಟು ಇತ್ತಲ್ಲ, ಅದನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅದೇ ಕುಸಿತದಲ್ಲಿ ಅಮೆರಿಕದ ಕಂಪನಿ ಆರ್ಡರ್ ಕಡಿಮೆ ಮಾಡಿತು. ನವೆಂಬರ್‌ನಲ್ಲಿ ಬಂದದ್ದು 8,000 ಡಾಲರ್. ಕೊಡಬೇಕಾದ್ದು 40,000. ಉಳಿದ 32,000 ಡಾಲರನ್ನು 50ರ ಹತ್ತಿರ ಕೊಂಡು 41.50ಕ್ಕೆ ಕೊಟ್ಟೆ. ಒಂದೇ ತಿಂಗಳಲ್ಲಿ ಎರಡೂ ಮುಕ್ಕಾಲು ಲಕ್ಷ. ಅದರ ಮೇಲೆ ಮಾರ್ಜಿನ್, ಅಂದರೆ ಭದ್ರತೆಯ ಠೇವಣಿ, ಇಡಿ ಅಂತ ಮುಂಬೈಯಿಂದ ಫೋನು. ಕರಾರು ಮುಗಿಯುವಷ್ಟರಲ್ಲಿ ಹತ್ತಿರ ಹತ್ತಿರ ಹನ್ನೊಂದು ಲಕ್ಷ ಹೋಗಿತ್ತು. ಮಚ್ಚೆ ಕಡೆ ಎರಡನೇ ಶೆಡ್ ಹಾಕೋಕೆ ಅಂತ ಇಟ್ಟಿದ್ದ ದುಡ್ಡು ಅದು. ಆ ಶೆಡ್ಡು ಇವತ್ತಿಗೂ ಆಗಿಲ್ಲ. ಕಾಕಾ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾವೊಬ್ಬರೇ ಅಲ್ಲ. ಇಂಥ ಕರಾರು ಮಾಡಿಕೊಂಡ ರಫ್ತುದಾರರು ತಮಿಳುನಾಡಿನಲ್ಲಿ ಕೋರ್ಟಿಗೂ ಹೋದರು. 2011ರ ಏಪ್ರಿಲ್‌ನಲ್ಲಿ ಡೆರಿವೇಟಿವ್ (ಆಪ್ಷನ್‌ನಂಥ ಕರಾರುಗಳ) ನಿಯಮ ಮುರಿದದ್ದಕ್ಕೆ ರಿಸರ್ವ್ ಬ್ಯಾಂಕ್ 19 ಬ್ಯಾಂಕುಗಳಿಗೆ ದಂಡ ಹಾಕಿತು. ಒಂದೊಂದಕ್ಕೆ 5ರಿಂದ 15 ಲಕ್ಷ. ಒಂದು ಸಣ್ಣ ಫೌಂಡ್ರಿ ಕಳಕೊಂಡದ್ದೂ ಹೆಚ್ಚುಕಡಿಮೆ ಅಷ್ಟೇ, ನೋಡಿ.

ಈಗ ನಿಮ್ಮ ವಿಷಯ. ನಿಮ್ಮ ಪ್ರಶ್ನೆಯೇ ತಿರುವುಮುರುವಾಗಿದೆ ಅಂತ ನನಗೆ ಅನಿಸುತ್ತೆ. ಜಗತ್ತಿನಲ್ಲಿ ಗದ್ದಲ ಎದ್ದಾಗ ಸಾಮಾನ್ಯವಾಗಿ ರೂಪಾಯಿ ಬೀಳುತ್ತೆ, ಡಾಲರ್ ಏರುತ್ತೆ. ನಾನು ಡಾಲರ್ ಕೊಡಬೇಕಾದವನು, ಹಾಗಾಗಿ ಸತ್ತೆ. ನಿಮ್ಮ ಹತ್ತಿರ ಇರುವುದೇ ಡಾಲರ್. 2008ರಲ್ಲಿ ಅಮೆರಿಕದ ಎಸ್ ಆ್ಯಂಡ್ ಪಿ 500 ಸೂಚ್ಯಂಕ ಶೇ. 38ರಷ್ಟು ಬಿತ್ತು. ವರ್ಷದ ಶುರುವಿಗೆ 100 ಡಾಲರ್ ಹಾಕಿದ ನಮ್ಮವನ ದುಡ್ಡು ಆಗ ಸುಮಾರು 3,940 ರೂಪಾಯಿ. ಕೊನೆಗೆ ಉಳಿದದ್ದು 61 ಡಾಲರ್ ಚಿಲ್ಲರೆ, ಆದರೆ 48ರ ದರದಲ್ಲಿ ಅದು ಮೂರು ಸಾವಿರದ ಹತ್ತಿರ. ಅಂದರೆ ಕಾಲು ಭಾಗ ಹೋಯಿತು. ಅದೇ ವರ್ಷ ನಮ್ಮ ಸೆನ್ಸೆಕ್ಸ್ ಅರ್ಧಕ್ಕಿಂತ ಜಾಸ್ತಿ ಬಿದ್ದಿತ್ತು. 2020ರ ಮಾರ್ಚ್‌ನಲ್ಲೂ ಅಲ್ಲಿ ಷೇರು ಬಿದ್ದಾಗ ಡಾಲರ್ 71-72ರಿಂದ 76ಕ್ಕೆ ಹೋಯಿತು. ನಿಮ್ಮ ಹೂಡಿಕೆಗೆ ದಿಂಬು ಆಗಿರೋದೇ ಡಾಲರ್. ಪುಟ್ ಕೊಂಡು ಅದು ಬೀಳುವುದರ ವಿರುದ್ಧ ದುಡ್ಡು ಕಟ್ಟುತ್ತೇನೆ ಅಂತೀರಿ. ಅದೂ ಗದ್ದಲ ಶುರುವಾದ ಮೇಲೆ, ಪ್ರೀಮಿಯಂ ದುಬಾರಿ ಆಗಿರುವಾಗ. ಷೇರಿನ ಬೆಲೆ ಬೀಳುವುದನ್ನಂತೂ ಆ ಪುಟ್ ತಡೆಯೋದೇ ಇಲ್ಲ.

ಡಾಲರ್ ಇಳಿಯೋದೇ ಇಲ್ಲ ಅಂತಲ್ಲ. 2007ರಲ್ಲಿ ಇಳಿದದ್ದಕ್ಕೇ ಅಲ್ಲವಾ ನಾನು ಹೆದರಿ ಸಹಿ ಹಾಕಿದ್ದು. ಮೂರ್ನಾಲ್ಕು ತಿಂಗಳಲ್ಲಿ ಷೇರು ಮಾರಿ ದುಡ್ಡು ಊರಿಗೆ ತರಲೇಬೇಕು ಅಂದರೆ ಆ ಮೊತ್ತಕ್ಕಷ್ಟೇ ಪುಟ್ ಕೊಳ್ಳಿ, ಪ್ರೀಮಿಯಂ ಕೊಟ್ಟು ಕೊಳ್ಳಿ. ನಮ್ಮ ಎಕ್ಸ್‌ಚೇಂಜಿನಲ್ಲಿ ಒಂದು ಲಾಟ್ ಅಂದರೆ 1,000 ಡಾಲರ್. ಇನ್ನೊಂದು, 2024ರ ಮೇನಲ್ಲಿ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ರೂಪಾಯಿ-ಡಾಲರ್ ಆಪ್ಷನ್ ಮಾಡೋಕೆ ನಿಮಗೆ ನಿಜವಾಗಿ ಡಾಲರಿನ ವ್ಯವಹಾರ ಇರಬೇಕು. ಹತ್ತು ಕೋಟಿ ಡಾಲರ್‌ವರೆಗೆ ಕಾಗದ ತೋರಿಸಬೇಕಿಲ್ಲ, ಆದರೆ ಇರಲೇಬೇಕು. ಸುಮ್ನೆ ಆಡೋಕೆ ಬರುವುದಿಲ್ಲ. ಹಾಗಂತ ಫೋನಿನಲ್ಲಿ ಜಾಹೀರಾತು ಬರುವ ಯಾವುದೋ ವಿದೇಶಿ ಆ್ಯಪ್‌ಗೆ ಹೋಗಬೇಡಿ. ಅನುಮತಿ ಇಲ್ಲದ ಅಂಥವರ ಹೆಸರುಗಳನ್ನು ರಿಸರ್ವ್ ಬ್ಯಾಂಕೇ ಪಟ್ಟಿ ಮಾಡಿ ಹಾಕಿದೆ, ಹುಡುಕಿ ನೋಡಿ.

ನಾನು ಆಪ್ಷನ್ ಬಿಟ್ಟಿಲ್ಲ, ಮಾರುವುದನ್ನು ಬಿಟ್ಟೆ. 2013ರ ಏಪ್ರಿಲ್‌ನಲ್ಲಿ ಡಾಲರ್ 54ರಲ್ಲಿತ್ತು. 15,000 ಡಾಲರಿಗೆ 53ರ ಪುಟ್ ಕೊಂಡೆ, ಡಾಲರಿಗೆ 45 ಪೈಸೆ ಕೊಟ್ಟು. ಆ ವರ್ಷ ಆಗಸ್ಟ್‌ನಲ್ಲಿ ಡಾಲರ್ 68 ದಾಟಿದ್ದು ನೆನಪಿರಬೇಕು. ನನ್ನ ಪುಟ್ ಕಸಕ್ಕೆ ಹೋಯಿತು. 6,750 ರೂಪಾಯಿ. ಆ ಮಾಲಿನ ದುಡ್ಡು ತಡವಾಗಿ, ಸೆಪ್ಟೆಂಬರ್ ಮೊದಲ ವಾರ ಬಂತು. 66ರ ಹತ್ತಿರ ಮಾರಿದೆ. ಸಂಜೆ ಕಾಕಾಗೆ ಕುಂದಾ ತಗೊಂಡು ಹೋದೆ. "ಈ ಸಲ ಅವ್ರಿಗೇನ ಸಿಕ್ಕಿತೋ?" ಅಂತ ಕೇಳಿದರು. ಆರು ಸಾವಿರದ ಏಳುನೂರ ಐವತ್ತು ಅಂದೆ. ನಕ್ಕರು.

ನಿಮಗೆ "ಖರ್ಚೇ ಇಲ್ಲ" ಅಂದವರ ಹತ್ತಿರ ಒಂದು ಸಾಲು ಬರೆಸಿಕೊಳ್ಳಿ: ಡಾಲರ್ ಇವತ್ತಿನ ದರಕ್ಕಿಂತ ಹತ್ತು ರೂಪಾಯಿ ಏರಿದರೆ ನಾನು ಎಷ್ಟು ಕಟ್ಟಬೇಕು? ಬರೆದುಕೊಟ್ಟರೆ ಇಲ್ಲೇ ಹಾಕಿ, ಕೂತು ಲೆಕ್ಕ ಮಾಡೋಣ.