ಬೀಡಿ ಕೂಲಿಯಲ್ಲಿ ತೀರದ ಸಾಲ: ಕಾನೂನಿನಲ್ಲಿ ಇರುವ ದಾರಿಗಳು

ಪ್ರಶ್ನೆ: ನಾನು ಬದಿಯಡ್ಕ ಸಮೀಪದವಳು, ಬೀಡಿ ಕಟ್ಟುತ್ತೇನೆ. ಅಡಿಕೆ ಕೊಯ್ಯುತ್ತಿದ್ದ ಗಂಡ ಮರದಿಂದ ಬಿದ್ದ ಮೇಲೆ ಕೆಲಸಕ್ಕೆ ಹೋಗಲಾಗುತ್ತಿಲ್ಲ. ಐದು ಸೆಂಟ್ಸ್ ಜಾಗ ಮತ್ತು ಮನೆಯ ದಾಖಲೆ ಇಟ್ಟು ಸಹಕಾರಿ ಬ್ಯಾಂಕಿನಿಂದ ತೆಗೆದ ಸಾಲದಲ್ಲಿ 70,000 ರೂಪಾಯಿ ಬಾಕಿ ಇದೆ. ಮೂರು ಗುಂಪು ಸಾಲಗಳಲ್ಲಿ ಒಟ್ಟು 85,000, ಖಾಲಿ ಚೆಕ್ಕಿಗೆ ಸಹಿ ಹಾಕಿ ಖಾಸಗಿಯವರಿಂದ ಪಡೆದದ್ದು 30,000. ಕೋರ್ಟಿನಲ್ಲಿ ‘ಐ.ಪಿ.’ ಹಾಕಿದರೆ ಎಲ್ಲವೂ ಹೋಗುತ್ತದೆ ಎನ್ನುತ್ತಾರೆ. ಕರ್ನಾಟಕದಲ್ಲಿ ಬಡವರ ಸಾಲಕ್ಕೆ ಹೊಸ ಕಾನೂನು ಬಂದಿದೆ ಎಂದೂ ಓದಿದೆ. ನಾನೇನು ಮಾಡಲಿ?

ಉತ್ತರ: ನೀವು ಓದಿದ್ದು ಕಿರುಸಾಲ ವಸೂಲಿಯ ಕಿರುಕುಳವನ್ನು ತಡೆಯಲು ಕರ್ನಾಟಕ 2025ರಲ್ಲಿ ತಂದ ಕಾನೂನಿನ ಸುದ್ದಿಯಾಗಿರಬೇಕು. ಮಂಗಳೂರಿನ ಪತ್ರಿಕೆಗಳನ್ನು ಓದುವ ನಮ್ಮ ಕಡೆಯ ಅನೇಕರು ಅದನ್ನು ನೆಚ್ಚಿಕೊಂಡಿದ್ದಾರೆ. ಆದರೆ ತಲಪಾಡಿ ಗಡಿಯಿಂದ ಈಚೆ, ಅಂದರೆ ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನಲ್ಲಿ, ಅದು ಅನ್ವಯಿಸುವುದಿಲ್ಲ.

ಆಸ್ತಿಯಿಲ್ಲದ ಬಡವರ ಸಾಲವನ್ನು ಪೂರ್ತಿಯಾಗಿ ತೊಡೆದುಹಾಕುವ ವ್ಯವಸ್ಥೆ ಕೇಂದ್ರದ 2016ರ ದಿವಾಳಿ ಸಂಹಿತೆಯಲ್ಲಿ ಬರಹದ ಮಟ್ಟಿಗೆ ಇದೆ. ವಾರ್ಷಿಕ ಆದಾಯ 60,000 ರೂಪಾಯಿ, ಆಸ್ತಿಯ ಮೌಲ್ಯ 20,000, ಸಾಲ 35,000 ಮೀರದವರಿಗೆ, ಅದರಲ್ಲೂ ಸ್ವಂತ ಮನೆ ಇಲ್ಲದವರಿಗೆ ಮಾತ್ರ ಅದು ಮೀಸಲು. ತಿಂಗಳಿಗೆ ಐದು ಸಾವಿರ ದುಡಿಯುವವರನ್ನಷ್ಟೇ ಬಡವರೆಂದು ಎಣಿಸುವ ಈ ಮಿತಿ ತೀರಾ ಅನ್ಯಾಯದ್ದೆಂದು ನನಗೆ ಅನ್ನಿಸುತ್ತದೆ. ಅದೂ ಸಾಲದೆಂಬಂತೆ, ಆ ಭಾಗವನ್ನು ಸಾಮಾನ್ಯ ಸಾಲಗಾರರ ಮಟ್ಟಿಗೆ ಸರ್ಕಾರ ಇನ್ನೂ ಜಾರಿಗೆ ತಂದಿಲ್ಲ.

ಉಳಿಯುವುದು ‘ಐ.ಪಿ.’, ಅಂದರೆ ಹಳೆಯ ಕಾನೂನಿನ ಪ್ರಕಾರ ಸಬ್ ಕೋರ್ಟಿಗೆ ಸಲ್ಲಿಸುವ ದಿವಾಳಿ ಅರ್ಜಿ. ಅರ್ಜಿ ಹಾಕಿದ ಮಾತ್ರಕ್ಕೆ ಸಾಲ ಹೋಗುವುದಿಲ್ಲ. ನ್ಯಾಯಾಲಯ ನಿಮ್ಮನ್ನು ದಿವಾಳಿಯೆಂದು ಘೋಷಿಸಿದರೆ ಜಪ್ತಿಯಿಂದ ವಿನಾಯಿತಿ ಇರುವ ವಸ್ತುಗಳನ್ನು ಬಿಟ್ಟು ಉಳಿದ ಆಸ್ತಿ, ಅದನ್ನು ನೋಡಿಕೊಳ್ಳಲು ಕೋರ್ಟು ನೇಮಿಸುವ ರಿಸೀವರ್ ಕೈಗೆ ಹೋಗುತ್ತದೆ. ಬಿಡುಗಡೆಯ ಆದೇಶ ಸಿಕ್ಕಿದ ಮೇಲಷ್ಟೇ ನೀವು ಸಾಲದಿಂದ ಮುಕ್ತರಾಗುತ್ತೀರಿ. ಅಡಮಾನ ಹಿಡಿದಿರುವ ಸಹಕಾರಿ ಬ್ಯಾಂಕಿನ ಹಕ್ಕಿಗೆ ಇದರಿಂದ ಯಾವ ಧಕ್ಕೆಯೂ ಇಲ್ಲ. ಜಾಗವನ್ನು ಮೊದಲೇ ಮಕ್ಕಳ ಹೆಸರಿಗೆ ಬರೆದುಬಿಡಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ; ಅಂಥ ದಾನಪತ್ರವನ್ನು ನ್ಯಾಯಾಲಯ ರದ್ದುಪಡಿಸಬಹುದು. ನಿಮ್ಮ ಸಾಲದ ಮೊತ್ತಕ್ಕೆ ಇದು ಕೊನೆಯ ದಾರಿಯಾಗಬೇಕೇ ಹೊರತು ಮೊದಲನೆಯದಲ್ಲ.

ಹಾಗೆಂದು ನೀವು ರಕ್ಷಣೆಯಿಲ್ಲದವರೆಂದು ತಿಳಿಯಬೇಕಾಗಿಲ್ಲ, ಮತ್ತು ನಿಮ್ಮ ಪತ್ರದಲ್ಲಿ ಕಾಣುವ ಭಯಕ್ಕೆ ಉತ್ತರ ಇರುವುದು ಇಲ್ಲಿಯೇ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಕೂಲಿಕಾರರ ಕೂಲಿ, ಅಡುಗೆ ಪಾತ್ರೆ, ಹಾಸಿಗೆ, ಉಟ್ಟ ಬಟ್ಟೆ, ಕುಶಲಕರ್ಮಿಯ ಕೆಲಸದ ಉಪಕರಣ, ಧಾರ್ಮಿಕ ಪದ್ಧತಿಯಂತೆ ಹೆಂಗಸರು ತೆಗೆಯಬಾರದ ಕರಿಮಣಿಯಂಥ ಆಭರಣ, ಇವು ಯಾವುದನ್ನೂ ಜಪ್ತಿ ಮಾಡುವಂತಿಲ್ಲ. ಕೂಲಿಕಾರರು ವಾಸವಾಗಿರುವ ಸ್ವಂತ ಮನೆಗೂ ಈ ರಕ್ಷಣೆ ಇದೆ. ಆದ್ದರಿಂದ ಗುಂಪು ಸಾಲದವರಾಗಲಿ ಖಾಸಗಿಯವರಾಗಲಿ ನಿಮ್ಮ ಮನೆಯನ್ನು ಹರಾಜು ಹಾಕಿಸುತ್ತೇವೆ ಎಂದರೆ ಅದು ಬರಿಯ ಬೆದರಿಕೆ. ಅಡಮಾನವಿಟ್ಟ ಸಾಲಕ್ಕೆ ಮಾತ್ರ ಈ ರಕ್ಷಣೆ ದೊರೆಯದು. ಹಣ ವಸೂಲಿಯ ಡಿಕ್ರಿಗಾಗಿ (ಕೋರ್ಟಿನ ತೀರ್ಪಿನ ಆದೇಶಕ್ಕಾಗಿ) ಹೆಂಗಸನ್ನು ಬಂಧಿಸುವಂತೆಯೇ ಇಲ್ಲ. ಗಂಡಸರ ವಿಷಯದಲ್ಲೂ, ಪ್ರಾಮಾಣಿಕವಾಗಿ ಕೊಡಲಾಗದವನನ್ನು ಬಡತನಕ್ಕಾಗಿ ಜೈಲಿಗೆ ಕಳುಹಿಸಬಾರದೆಂದು ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ.

ಹಾಗಾಗಿ ಮೊದಲು ನೋಡಬೇಕಾದದ್ದು, ಮನೆಗೆ ಕುತ್ತು ತರಬಲ್ಲ ಒಂದೇ ಸಾಲವಾದ ಸಹಕಾರಿ ಬ್ಯಾಂಕಿನದು. ಬಾಕಿದಾರರಿಗೆ ಬಡ್ಡಿಯಲ್ಲಿ ರಿಯಾಯಿತಿ ಕೊಟ್ಟು ಒಂದೇ ಬಾರಿಗೆ ಇತ್ಯರ್ಥ ಮಾಡುವ ಅದಾಲತ್ತುಗಳನ್ನು ಕೇರಳದ ಸಹಕಾರ ಇಲಾಖೆ ಆಗಾಗ ನಡೆಸುತ್ತದೆ. ಮಲಯಾಳಂ ನೋಟಿಸಿನಲ್ಲಿ ‘ಕುಡಿಶ್ಶಿಕ’ ಎಂದರೆ ಬಾಕಿ. ‘ಕುಡಿಶ್ಶಿಕ ನಿವಾರಣ’ ಎಂಬ ಪ್ರಕಟಣೆ ಕಂಡರೆ ಅದನ್ನು ಬದಿಗಿಡಬೇಡಿ. ಗಂಡನ ಅಪಘಾತ, ಚಿಕಿತ್ಸೆಯ ಕಾಗದಗಳನ್ನು ಲಗತ್ತಿಸಿ, ಬಡ್ಡಿ ಕಡಿತಕ್ಕೂ ಕಂತಿನ ಅವಧಿ ವಿಸ್ತರಣೆಗೂ ಈಗಲೇ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆ ಸಾಲ ಕೃಷಿಗೆ ಸಂಬಂಧಿಸಿದ್ದಾಗಿದ್ದರೆ, 2006ರ ಕಾಯ್ದೆಯಿಂದ ರಚನೆಯಾದ ಕೇರಳ ರೈತ ಸಾಲ ಪರಿಹಾರ ಆಯೋಗ ಈಗ ಅರ್ಜಿ ಸ್ವೀಕರಿಸುತ್ತಿದೆಯೇ ಎಂದು ಕೃಷಿ ಭವನದಲ್ಲಿ ವಿಚಾರಿಸಿ.

ಕಿರುಸಾಲ ಕಂಪನಿಗಳು ಕೊಡುವ ಗುಂಪು ಸಾಲಗಳಿಗೆ ರಿಸರ್ವ್ ಬ್ಯಾಂಕಿನ ನಿರ್ದೇಶನ ಅನ್ವಯಿಸುತ್ತದೆ. ಒಂದು ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ಮಾಸಿಕ ಆದಾಯದ ಅರ್ಧವನ್ನು ಮೀರುವಂತೆ ಸಾಲ ಕೊಡಬಾರದೆಂದೂ, ಬೆಳಿಗ್ಗೆ 9ಕ್ಕೆ ಮೊದಲು ಮತ್ತು ಸಂಜೆ 6ರ ನಂತರ ವಸೂಲಿಗೆ ಕರೆ ಮಾಡಬಾರದೆಂದೂ ಅದು ಹೇಳುತ್ತದೆ. ಮೂರನೆಯ ಸಾಲ ಕೊಟ್ಟವರು ಮೊದಲ ಎರಡನ್ನು ಲೆಕ್ಕಕ್ಕೆ ಹಿಡಿದಿದ್ದರೇ ಎಂದು ಕಂಪನಿಗೆ ಬರೆದು ಕೇಳಿ, ಜೊತೆಗೆ ಕಂತು ಇಳಿಸಲು ಕೋರಿ. 30 ದಿನಗಳೊಳಗೆ ಸರಿಯಾದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ) ಶುಲ್ಕವಿಲ್ಲದೆ ದೂರು ಕೊಡಬಹುದು, ಮಾಹಿತಿಗೆ 14448. ಒಂದು ಗುಂಪಿನ ಕಂತು ಕಟ್ಟಲು ಇನ್ನೊಂದು ಗುಂಪು ಸೇರುವುದನ್ನು ಮಾತ್ರ ಇವತ್ತೇ ನಿಲ್ಲಿಸಬೇಕೆಂದು ನಿಮ್ಮಲ್ಲಿ ಕೈಮುಗಿದು ಕೇಳುತ್ತೇನೆ.

ಖಾಸಗಿ ಸಾಲದಲ್ಲಿ ಅಪಾಯ ಇರುವುದು ಆ ಖಾಲಿ ಚೆಕ್ಕಿನಲ್ಲಿ. ಚೆಕ್ ಬೌನ್ಸ್ ಆಗಿ ವಕೀಲರ ನೋಟಿಸು ಬಂದರೆ ಹಣ ಕೊಡಲು ಇರುವ ಕಾಲಾವಕಾಶ 15 ದಿನ ಮಾತ್ರ, ಆ ಬಳಿಕ ಅದು ಕ್ರಿಮಿನಲ್ ಪ್ರಕರಣ; ಆದ್ದರಿಂದ ಅಂಥ ನೋಟಿಸು ಬಂದ ದಿನವೇ ವಕೀಲರನ್ನು ಕಾಣಬೇಕು. ಅದೇ ವೇಳೆ, ಲೈಸೆನ್ಸ್ ಇಲ್ಲದೆ ಬಡ್ಡಿ ವ್ಯಾಪಾರ ಮಾಡುವುದು ಕೇರಳದ 1958ರ ಕಾಯ್ದೆಯಂತೆಯೂ, ವಿಪರೀತ ಬಡ್ಡಿ ವಸೂಲಿ 2012ರ ಕಾಯ್ದೆಯಂತೆಯೂ ಅಪರಾಧ. ಈವರೆಗೆ ಎಷ್ಟು ಕೊಟ್ಟಿರಿ, ಯಾವಾಗ ಕೊಟ್ಟಿರಿ ಎಂಬುದನ್ನು ನೆನಪಿರುವಷ್ಟು ಬರೆದಿಡಿ; ಹೊಸ ಕಾಗದಕ್ಕೆ ಸಹಿ ಹಾಕಬೇಡಿ.

ವಕೀಲರ ಖರ್ಚಿನ ಚಿಂತೆ ನಿಮಗೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಕೇಸು ದಾಖಲಾಗುವ ಮೊದಲೇ ಮೂರೂ ಬಗೆಯ ಸಾಲಗಳನ್ನು ಲೋಕ ಅದಾಲತ್ತಿನ ಮುಂದಿಡಲು ಕಾನೂನು ಸೇವಾ ಸಮಿತಿಯಲ್ಲಿ ಕೋರಬಹುದು. ಅದಾಲತ್ತಿನಲ್ಲಿ ಆಗುವ ಒಪ್ಪಂದ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ಮುಜುಗರಕ್ಕೋ ಒತ್ತಾಯಕ್ಕೋ ತಿಂಗಳಿಗೆ ಐದು ಸಾವಿರ ಕಟ್ಟುತ್ತೇನೆಂದು ಒಪ್ಪಿ ಬಂದರೆ ಮುಂದೆ ಅದೇ ಉರುಳಾದೀತು. ಬೀಡಿ ಕೂಲಿಯಿಂದ ಅಕ್ಕಿ, ಔಷಧದ ಖರ್ಚು ಕಳೆದು ಉಳಿಯುವುದು ಎಂಟುನೂರಾದರೆ ಎಂಟುನೂರೆಂದೇ ಹೇಳಿ.

ಪಾಸ್‌ಬುಕ್ಕುಗಳು, ಗುಂಪಿನ ಕಂತು ಕಾರ್ಡುಗಳು, ಬಂದಿರುವ ನೋಟಿಸುಗಳು, ರೇಷನ್ ಕಾರ್ಡು, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಇವನ್ನು ಒಂದು ಚೀಲದಲ್ಲಿ ಹಾಕಿಕೊಂಡು, ಕಾಸರಗೋಡು ವಿದ್ಯಾನಗರದ ಕೋರ್ಟಿಗೆ ಹೋಗಿ ಕಾನೂನು ಸೇವಾ ಸಮಿತಿಯ ಕಚೇರಿ ಎಲ್ಲಿದೆ ಎಂದು ಕೇಳಿ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಅಧಿಕಾರಿಗಳಿಗೆ ತನ್ನ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಮಲಯಾಳಂನಲ್ಲಿರುವ ಯಾವ ಕಾಗದವನ್ನೂ ಓದಿಸಿ, ಅರ್ಥ ತಿಳಿದುಕೊಳ್ಳದೆ ಹೆಬ್ಬೆಟ್ಟು ಒತ್ತಬೇಡಿ, ಸಹಿ ಹಾಕಬೇಡಿ.