ಶೀತಲ ಸಮರ ಮುಗಿದ ಮೇಲೂ ಅಲಿಪ್ತ ದೇಶಗಳಿಗೆ ಏನಾದ್ರೂ ಕೆಲಸ ಇದೆಯಾ?

ಇದೆ. ಅಲಿಪ್ತ ದೇಶಗಳು ಅಂದ್ರೆ ಅಮೆರಿಕಾ ಬಣಕ್ಕೂ ಸೋವಿಯತ್ ಬಣಕ್ಕೂ ಸೇರದೆ ಇದ್ದೋರು. ಅಲಿಪ್ತ ನೀತಿ ಅಂದ್ರೆ ಯಾರ ಕಡೆಗೂ ಹೋಗದೆ ಸುಮ್ನೆ ಕೂತ್ಕೊಳೋದು ತಾನೆ ಅಂತ ಕೆಲವರು ಕೇಳ್ತಾರೆ, ಅದಕ್ಕೆ 1953ರ ಕೊರಿಯಾ ಕಥೆ ಹೇಳ್ತೀನಿ.

ಉತ್ತರ ಕೊರಿಯಾ, ಚೀನಾ ಒಂದು ಕಡೆ, ದಕ್ಷಿಣ ಕೊರಿಯಾ, ಅಮೆರಿಕಾ ಇನ್ನೊಂದು ಕಡೆ ಇದ್ದ ಯುದ್ಧಕ್ಕೆ ಜುಲೈ 27ಕ್ಕೆ ಕದನವಿರಾಮ ಆಯ್ತು, ಆದ್ರೆ ಅಮೆರಿಕಾ ಕಡೆಯವರ ಕೈಲಿದ್ದ 22 ಸಾವಿರಕ್ಕೂ ಹೆಚ್ಚು ಚೀನೀ, ಉತ್ತರ ಕೊರಿಯಾ ಕೈದಿಗಳು ನಾವು ವಾಪಸ್ ಹೋಗಲ್ಲ ಅಂತ ಪಟ್ಟು ಹಿಡಿದಿದ್ರು, ಅವರನ್ನ ಅಮೆರಿಕಾನೇ ಇಟ್ಕೊಂಡ್ರೆ ಚೀನಾ ಒಪ್ಪಲ್ಲ, ಚೀನಾ ಕೈಗೆ ಕೊಟ್ರೆ ಅಮೆರಿಕಾ ಒಪ್ಪಲ್ಲ. ಆಗ ಈ ಕೈದಿಗಳ ವಿಷಯ ನೋಡ್ಕೊಳೋಕೆ ಮಾಡಿದ ಐದು ದೇಶಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದೋರು ನಮ್ಮ ಕೊಡಗಿನ ಸೇನಾಧಿಕಾರಿ ತಿಮ್ಮಯ್ಯನವರು. ಕಾವಲಿಗೆ ಭಾರತದ ಸೈನಿಕರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ, ಭಾರತದ ಸೈನಿಕರು ತಮ್ಮ ನೆಲದ ಮೇಲೆ ಕಾಲೇ ಇಡಬಾರ್ದು ಅಂತ ಹಠ ಮಾಡಿದ್ದಕ್ಕೆ, ಹಡಗಿನಿಂದ ಹೆಲಿಕಾಪ್ಟರಲ್ಲಿ ಕರ್ಕೊಂಡೋಗಿ ಎರಡು ಕೊರಿಯಾಗಳ ಮಧ್ಯದ ಸೇನಾಮುಕ್ತ ವಲಯದಲ್ಲಿ ಇಳಿಸ್ಬೇಕಾಯ್ತು. ಎರಡೂ ಕಡೆಯಿಂದ ಬೈಸ್ಕೊಂಡೇ ಕೆಲ್ಸ ಮುಗಿಸಿ ಬಂದ್ರು. ಬೆಲ್‌ಗ್ರೇಡಲ್ಲಿ ಅಲಿಪ್ತ ದೇಶಗಳ ಮೊದಲ ಶೃಂಗಸಭೆ ಆಗಿದ್ದು 1961ರಲ್ಲಿ, ಅಂದ್ರೆ ಸಂಘಟನೆ ಹುಟ್ಟೋಕೆ ಮುಂಚೆನೇ ಈ ನೀತಿಗೊಂದು ಕೆಲಸ ಇತ್ತು.

ಆ ಸಂಘಟನೆಯಲ್ಲಿ ಈಗ ಸುಮಾರು 120 ಸದಸ್ಯ ದೇಶಗಳಿವೆ, 2024ರಲ್ಲಿ ಉಗಾಂಡಾದ ಕಂಪಾಲಾದಲ್ಲಿ ಸೇರಿದ್ರು. ಭಾರತ ಪಾಕಿಸ್ತಾನ, ಸೌದಿ ಇರಾನ್ ಎಲ್ಲಾ ಒಂದೇ ಕಡೆ ಕೂತಿರೋ ಸಭೆಯಿಂದ ಗಟ್ಟಿ ತೀರ್ಮಾನ ಬರುತ್ತೆ ಅಂತ ನಂಗೆ ನಂಬಿಕೆ ಇಲ್ಲ. ಹಂಗಂತ ಇವರೆಲ್ಲ ಅಲಿಪ್ತರೇ ಅಲ್ಲ ಅನ್ನೋ ವಾದಾನೂ ಒಪ್ಪಲ್ಲ, ಪೂರ್ತಿ ಅಲಿಪ್ತರು ಯಾವತ್ತೂ ಇರ್ಲಿಲ್ಲ, 1971ರಲ್ಲಿ ನಾವೇ ಸೋವಿಯತ್ ಜೊತೆ ಒಪ್ಪಂದ ಮಾಡ್ಕೊಂಡಿದ್ವಿ. ಕತಾರ್‌ನಲ್ಲಿ ಅಮೆರಿಕಾದ ದೊಡ್ಡ ವಾಯುನೆಲೆ ಇದೆ, ಆದ್ರೂ ಇಸ್ರೇಲ್ ಹಮಾಸ್ ಮಧ್ಯೆ ಮಾತುಕತೆ ನಡೆಸೋಕೆ ಅವ್ರೇ ಬೇಕಾಯ್ತು. ಉಕ್ರೇನ್ ಯುದ್ಧ ನಡೀತಿದ್ದಾಗ, 2023ರ ಜೂನಲ್ಲಿ ದಕ್ಷಿಣ ಆಫ್ರಿಕಾ ಅಧ್ಯಕ್ಷ ರಾಮಫೋಸಾ ಮತ್ತೆ ಆಫ್ರಿಕಾದ ಬೇರೆ ನಾಯಕರು ಉಕ್ರೇನಿನ ಕೀವ್‌ಗೂ ಹೋದ್ರು, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ಗೂ ಹೋಗಿ ಪುಟಿನ್ ಎದುರೇ ಯುದ್ಧ ನಿಲ್ಬೇಕು ಅಂದ್ರು. ಕಪ್ಪು ಸಮುದ್ರದ ಮೂಲಕ ಬರೋ ಗೋಧಿ ನಿಂತ್ರೆ ಅವರ ಜನರ ಊಟಕ್ಕೇ ಕುತ್ತು, ಅದಕ್ಕೆ ಹೋದ್ರು. ಯುದ್ಧ ನಿಲ್ಲಲಿಲ್ಲ ನಿಜ, ಆದ್ರೆ ಆ ಪ್ರಯತ್ನಕ್ಕೆ ನಾನು ತುಂಬಾ ಬೆಲೆ ಕೊಡ್ತೀನಿ.

ನಮ್ಮ ದೇಶದ ಬಗ್ಗೆ ನಂಗೆ ಬೇಜಾರಿರೋದು ಇಲ್ಲೇ, ಇಂಥ ಕೆಲಸಕ್ಕೆ ನಾವು ಇನ್ನೂ ಮುಂದೆ ಬರ್ಬೇಕಿತ್ತು. 2022ರ ಮಾರ್ಚಲ್ಲಿ ವಿಶ್ವಸಂಸ್ಥೆ ಮಹಾಸಭೆಯಲ್ಲಿ ಉಕ್ರೇನ್ ಮೇಲಿನ ದಾಳಿ ಬಗ್ಗೆ ಮತಕ್ಕೆ ಹಾಕಿದಾಗ 141 ದೇಶ ರಷ್ಯಾ ವಿರುದ್ಧ, 5 ಪರ, 35 ದೇಶ ತಟಸ್ಥ, ಅದರಲ್ಲಿ ನಾವೂ ಒಬ್ರು. ರಷ್ಯಾದಿಂದ ಕಡಿಮೆ ರೇಟಿಗೆ ಕಚ್ಚಾ ತೈಲ ಸಿಕ್ತು, ತಗೊಂಡ್ವಿ, ಬಡವರಿರೋ ದೇಶ ತಗೊಂಡಿದ್ದು ತಪ್ಪಲ್ಲ, ಅದಕ್ಕೆ 2025ರ ಆಗಸ್ಟಲ್ಲಿ ಅಮೆರಿಕಾ ನಮ್ಮ ಸರಕಿನ ಮೇಲೆ ಹೆಚ್ಚುವರಿ 25% ಸುಂಕಾನೂ ಹಾಕ್ತು. 2024ರಲ್ಲಿ ಮೋದಿ ಮಾಸ್ಕೋಗೂ ಹೋಗಿದ್ರು, ಕೀವ್‌ಗೂ ಹೋಗಿದ್ರು, ಎರಡೂ ಕಡೆ ಬಾಗಿಲು ತೆಗೆಯೋ ದೇಶಗಳು ಎಷ್ಟಿವೆ ಹೇಳಿ? ಉಕ್ರೇನಲ್ಲಿ ಗಟ್ಟಿಯಾದ ಕದನವಿರಾಮ ಆದ್ರೆ ಆ ಕದನವಿರಾಮ ರೇಖೆ ಕಾಯೋಕೆ ಯಾರಾದ್ರೂ ಬೇಕು, ಅಮೆರಿಕಾ, ಯುರೋಪ್ ದೇಶಗಳ ಮಿಲಿಟರಿ ಕೂಟವಾದ ನ್ಯಾಟೋದ ಸೈನಿಕರನ್ನ ರಷ್ಯಾ ಒಪ್ಪಲ್ಲ. ಎರಡೂ ಕಡೆಯವರು ಒಪ್ಪಿದ್ರೆ ನಾವು ಬರ್ತೀವಿ ಅಂತ ಭಾರತ ಈಗ್ಲೇ ಹೇಳಿಡ್ಬೇಕು, ಇಂಡೋನೇಷ್ಯಾ ದಕ್ಷಿಣ ಆಫ್ರಿಕಾನೂ ಜೊತೆಗೆ ಕರೀಬೇಕು.