ಹಳೇ ಊರಿನಲ್ಲಿ ಪಾಯ ತೋಡುವ ಮುನ್ನ

ಪ್ರಶ್ನೆ: ವಿಜಯಪುರದಲ್ಲಿ ಸಂರಕ್ಷಿತ ಸ್ಮಾರಕವೊಂದರಿಂದ 150 ಮೀಟರ್ ದೂರದಲ್ಲಿ ಹಳೆ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದೇವೆ. ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬಂದಿದೆ. ಪಾಯ ತೋಡುವಾಗ ಪುರಾತತ್ವದವರು ಬಂದು ಏನು ನೋಡುತ್ತಾರೆ? ಕೆಲಸ ನಿಂತುಹೋಗುತ್ತದೆಯೇ?

ಉತ್ತರ: ಆ 150 ಮೀಟರನ್ನು ಎಲ್ಲಿಂದ ಅಳೆದಿದ್ದಾರೆ, ಮೊದಲು ನೋಡಿಕೊಳ್ಳಿ. ಸ್ಮಾರಕದ ಗೋಡೆಯಿಂದಲ್ಲ, ಸಂರಕ್ಷಿತ ಪ್ರದೇಶದ ಗಡಿಯಿಂದ ಅಳೆಯಬೇಕು. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯಂತೆ ಅಲ್ಲಿಂದ 100 ಮೀಟರ್ ನಿಷೇಧಿತ (ಹೊಸದಾಗಿ ಕಟ್ಟುವಂತಿಲ್ಲ), ಅದರಾಚೆಯ 200 ಮೀಟರ್ ನಿಯಂತ್ರಿತ (ಅನುಮತಿ ಪಡೆದು ಕಟ್ಟಬಹುದು). ಎನ್‌ಒಸಿಯ ಷರತ್ತುಗಳನ್ನು ಪೂರ್ತಿ ಓದಿ, ಅಗೆತಕ್ಕೆ ಒಂದು ವಾರ ಮೊದಲೇ ಪುರಾತತ್ವ ಇಲಾಖೆಯ ಸ್ಥಳೀಯ ಕಚೇರಿಗೆ ಲಿಖಿತವಾಗಿ ತಿಳಿಸಿ. ಗುಂಡಿ ತೋಡಿಯಾದ ಮೇಲೆ ಕರೆದರೆ ನೋಡಲು ಏನೂ ಉಳಿದಿರುವುದಿಲ್ಲ.

ಅವರ ಕಣ್ಣು ವಸ್ತುಗಳಿಗಿಂತ ಮಣ್ಣಿನ ಪದರಗಳ ಮೇಲಿರುತ್ತದೆ: ಭರ್ತಿ ಮಣ್ಣು, ಬೂದಿ, ಹಳೆ ನೆಲದ ಗಾರೆ, ಕೊನೆಗೆ ಮುರುಮು (ತಳದ ಗಟ್ಟಿ ಗರಸು ಮಣ್ಣು). ಜೆಸಿಬಿಯ ಹಲ್ಲು ಇವನ್ನೆಲ್ಲ ಕಲಸಿಬಿಡುತ್ತದೆ. ಹಲ್ಲಿಲ್ಲದ ಬಕೆಟ್ ಹಾಕಿಸಿ. ಒಂದು ಸಲಕ್ಕೆ 10–15 ಸೆಂ.ಮೀ.ಗಿಂತ ಹೆಚ್ಚು ಕೆರೆಸಬೇಡಿ. ಗುಂಡಿಯ ಬದಿಯನ್ನು ಕರಣೆಯಿಂದ ಕೆರೆದು ಚೊಕ್ಕ ಮಾಡಿ, ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ರಸ್ತೆ ಮಟ್ಟದಿಂದ ಆಳ ಬರೆದುಕೊಳ್ಳುತ್ತಾರೆ. ಮಣ್ಣನ್ನು ಗುಂಡಿವಾರು ಬೇರೆ ಬೇರೆ ಗುಡ್ಡೆ ಹಾಕಿಸಿ, ಅಂದೇ ಟಿಪ್ಪರ್‌ಗೆ ತುಂಬಿಸಬೇಡಿ. ಗುಡ್ಡೆ ಅಂಚಿನಿಂದ ಒಂದು ಮೀಟರಾದರೂ ದೂರವಿರಲಿ. ಭರ್ತಿ ಮಣ್ಣು ದಿಢೀರನೆ ಕುಸಿಯುತ್ತದೆ. ಬದಿಗೆ ಆಸರೆ ಕೊಡದೆ ಆಳದ ಗುಂಡಿಗೆ ಯಾರನ್ನೂ ಇಳಿಸಲೇಬಾರದು.

ನಿಮ್ಮ ಊರಿನಲ್ಲಿ ವಿಶೇಷವಾಗಿ ಕಾಯಬೇಕಾದದ್ದು ಆದಿಲ್‌ಶಾಹಿ ಕಾಲದ ನೀರಿನ ಮಾರ್ಗ. ಬೇಗಂ ತಲಾಬ್ ಕೆರೆಯಿಂದ ಊರೊಳಕ್ಕೆ ಮಣ್ಣಿನ ಕೊಳವೆಗಳಲ್ಲಿ, ಸುತ್ತ ಗಾರೆಗಚ್ಚು ಕಟ್ಟಿ, ನೀರು ತಂದಿದ್ದರು. ಒತ್ತಡ ತಗ್ಗಿಸಲು ನಡುನಡುವೆ ಗಂಜ್ ಎಂಬ ಗೋಪುರಗಳಿವೆ. ಪಾಯದಲ್ಲಿ ಗಾರೆಯ ಉದ್ದನೆ ದಿಂಡು ಕಂಡರೆ ಒಡೆಯಬೇಡಿ. ಗುಂಡಿಯ ಎರಡೂ ಬದಿಯಲ್ಲಿ ಕೊಳವೆಯ ಮಟ್ಟ ಅಳೆದರೆ ಅದರ ಇಳಿಜಾರು ಸಿಗುತ್ತದೆ. ಆಮೇಲೆ ಕಾಲಂ ಸರಿಸುವುದೋ, ಮೇಲೆ ಬೀಮ್ ದಾಟಿಸುವುದೋ ಎಂಜಿನಿಯರ್ ನಕ್ಷೆ ತಿದ್ದಿ ಕೊಡಲಿ. ಮುಚ್ಚಿಹೋದ ಹಳೆ ಬಾವಿ ಸಿಕ್ಕರಂತೂ ಇದು ಮನೆಯ ಸುರಕ್ಷತೆಯ ಪ್ರಶ್ನೆ: ಸಡಿಲ ಮಣ್ಣಿನ ಮೇಲೆ ಕೂತ ಕಾಲಂ ಇಳಿದು ಗೋಡೆ ಬಿರಿಯುತ್ತದೆ.

ಸಾಮಾನ್ಯವಾಗಿ ತಡವಾಗುವುದು ಹೀಗೆ ಏನಾದರೂ ಸಿಕ್ಕ ಆ ಒಂದು ಗುಂಡಿ ಮಾತ್ರ. ಉಳಿದ ಗುಂಡಿಗಳ ಸರದಿಯನ್ನು ಮೊದಲೇ ಗುರುತು ಮಾಡಿಟ್ಟರೆ ಆಳುಗಳು ಖಾಲಿ ಕೂರುವುದಿಲ್ಲ.

ಪ್ರಶ್ನೆ: ಪಾಯದಲ್ಲಿ ನಾಣ್ಯ ಸಿಕ್ಕರೆ?

ಉತ್ತರ: ಹುಣಸೆಹಣ್ಣಿನಿಂದ ತಿಕ್ಕಬೇಡಿ, ಹಸಿರು ಕಿಲುಬಿನ ಜೊತೆ ಅಕ್ಷರಗಳೂ ಹೋಗುತ್ತವೆ. ಒಣ ಕಾಗದದ ಕವರಿನಲ್ಲಿಟ್ಟು ಗುಂಡಿ ಸಂಖ್ಯೆ, ಆಳ, ದಿನಾಂಕ ಬರೆಯಿರಿ. ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಮುಚ್ಚಿಟ್ಟರೆ ಶಿಕ್ಷೆಯಿದೆ.